ನಿಕ್ ಸೇಬನ್ ಅವತ್ತು ಆಡಿದ ಮಾತು ಸರಿಯೇ? ಕಾಲೇಜು ಆಟಗಾರರು, ದುಡ್ಡು, ಕೋಚ್‌ಗಳು

ರಘು, ಟಸ್ಕಲೂಸ

ಅಮೆರಿಕದ ಕಾಲೇಜುಗಳು ಈಗ ತಮ್ಮ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. 2025ರ ಜೂನ್‌ನಲ್ಲಿ, ಆಟಗಾರರು ಹೂಡಿದ್ದ 'ಹೌಸ್' ಅನ್ನುವ ಮೊಕದ್ದಮೆಯ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟಿದೆ. ಮೊದಲ ವರ್ಷಕ್ಕೆ ಒಂದು ಕಾಲೇಜಿನ ಮಿತಿ 2 ಕೋಟಿ 5 ಲಕ್ಷ ಡಾಲರ್.

ಈ ಸುದ್ದಿ ಓದಿದಾಗ ನನಗೆ ನೆನಪಾಗಿದ್ದು ನಿಕ್ ಸೇಬನ್ ಮಾತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಇವರು ನಮ್ಮ ಊರಿನ ಅಲಬಾಮ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಕೋಚ್ ಆಗಿದ್ದವರು. ಏಳು ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದಿದ್ದಾರೆ, ಒಂದು ಲೂಸಿಯಾನ ಸ್ಟೇಟ್‌ನಲ್ಲಿ, ಆರು ಅಲಬಾಮದಲ್ಲಿ. 2022ರ ಮೇ 18ರಂದು ಅಲಬಾಮದ ಬರ್ಮಿಂಗ್‌ಹ್ಯಾಮ್‌ನ ಒಂದು ಸಭೆಯಲ್ಲಿ ಅವರು ಹೇಳಿದ್ದರ ಸಾರ ಇಷ್ಟು: ಹೊಸ ಆಟಗಾರರನ್ನು ಸೇರಿಸಿಕೊಳ್ಳುವುದರಲ್ಲಿ ಟೆಕ್ಸಸ್ ಎ ಅಂಡ್ ಎಮ್ ಮೊದಲು ಬಂತು, ನಾವು ಎರಡನೆಯವರು. ಅವರು ತಂಡದ ಪ್ರತಿಯೊಬ್ಬನನ್ನೂ ದುಡ್ಡು ಕೊಟ್ಟು ತಂದರು. ನಾವು ಒಬ್ಬನನ್ನೂ ಹಾಗೆ ತಂದಿಲ್ಲ. ಆದರೆ ಎಲ್ಲರೂ ಅದನ್ನೇ ಮಾಡಲು ಶುರು ಮಾಡಿದರೆ ನಾವು ಹೀಗೇ ಎಷ್ಟು ದಿನ ಇರಲು ಆಗುತ್ತದೋ ಗೊತ್ತಿಲ್ಲ.

ಅವತ್ತು ಎಲ್ಲರೂ ಅವರ ಮೇಲೆ ಬಿದ್ದರು. ಇವತ್ತು ನೋಡಿ. 2024ರ ಜನವರಿ 10ರಂದು ಅವರು ನಿವೃತ್ತರಾದರು. ಆಮೇಲೆ ಹೇಳಿದ್ದು, ನನ್ನ ಜೊತೆ ಮಾತಾಡಿದ ಆಟಗಾರರಲ್ಲಿ ನೂರಕ್ಕೆ 70-80 ಜನ ಕೇಳಿದ್ದು ಎರಡೇ ವಿಷಯ, ನನ್ನನ್ನು ಆಡಿಸುವುದು ಗ್ಯಾರಂಟಿನಾ, ಎಷ್ಟು ಕೊಡುತ್ತೀರಿ ಅಂತ. ಹುಡುಗರನ್ನು ತಿದ್ದಿ ಬೆಳೆಸುವ ಕೋಚ್‌ಗೆ ಇಲ್ಲಿ ಜಾಗ ಇಲ್ಲದಂತೆ ಆಗಿದೆ. ನನ್ನ ಅಭಿಪ್ರಾಯ ಇದು: ಸೇಬನ್ ಹೇಳಿದ್ದು ನೂರಕ್ಕೆ ನೂರು ನಿಜವಾಯಿತು.

ಶ್ರೀಲತಾ, ಹೂಸ್ಟನ್

"ಪ್ರತಿಯೊಬ್ಬನನ್ನೂ ದುಡ್ಡು ಕೊಟ್ಟು ತಂದರು." ಇದಕ್ಕೆ ಸಾಕ್ಷಿ ಎಲ್ಲಿದೆ ರಘು ಅವರೇ? ಸೇಬನ್ ಒಂದು ಕಾಗದವನ್ನೂ ತೋರಿಸಲಿಲ್ಲ. ನಾನು ಎ ಅಂಡ್ ಎಮ್‌ನಲ್ಲಿ ಓದಿದವಳು, ಆ ಮಾತು ಕೇಳಿದಾಗ ನನಗೆ ಮೈ ಉರಿದಿತ್ತು. ಮಾರನೇ ದಿನವೇ ನಮ್ಮ ಕೋಚ್ ಜಿಂಬೋ ಫಿಶರ್ ಪತ್ರಕರ್ತರನ್ನು ಕರೆದು, ನಾವು ಯಾರನ್ನೂ ಕೊಂಡಿಲ್ಲ, ಯಾವ ನಿಯಮವನ್ನೂ ಮುರಿದಿಲ್ಲ ಎಂದರು. ಸೇಬನ್‌ರಿಗೆ ತಮ್ಮನ್ನು ಬಿಟ್ಟು ಬೇರೆ ಯಾರೂ ಕಾಣುವುದಿಲ್ಲ ಎಂದೂ ಹೇಳಿದರು. ಫಿಶರ್ ಹೊರಗಿನವರಲ್ಲ. 2000ದಿಂದ 2004ರವರೆಗೆ ಸೇಬನ್ ಕೈಕೆಳಗೇ ಕೆಲಸ ಮಾಡಿದವರು.

ಮುಖ್ಯ ವಿಷಯವನ್ನು ನೀವು ಬಿಟ್ಟೇ ಬಿಟ್ಟಿರಿ. ಹೆಸರು ಹೇಳಿದ್ದು ತಪ್ಪಾಯಿತು ಅಂತ ಸೇಬನ್ನೇ ರೇಡಿಯೋದಲ್ಲಿ ಒಪ್ಪಿಕೊಂಡರು. ಯಾಕೆ ಆ ಮಾತು ಬಂತು ಅನ್ನುವುದೂ ಎಲ್ಲರಿಗೂ ಗೊತ್ತು. 2021ರ ಅಕ್ಟೋಬರ್ 9. ಎ ಅಂಡ್ ಎಮ್ 41, ಅಲಬಾಮ 38. ಆವರೆಗೆ ಸೇಬನ್‌ರ ಹಳೇ ಸಹಾಯಕರಲ್ಲಿ ಒಬ್ಬರೂ ಅವರನ್ನು ಸೋಲಿಸಿರಲಿಲ್ಲ. ಫಿಶರ್ ಮೊದಲಿಗರು.

ರಘು, ಟಸ್ಕಲೂಸ

41-38 ಒಂದೇ ಪಂದ್ಯ ಶ್ರೀಲತಾ ಅವರೇ. ಅದಕ್ಕೆ ಮೊದಲು ಹಳೇ ಸಹಾಯಕರ ಎದುರು ಸೇಬನ್ ಆಡಿದ 24ರಲ್ಲಿ 24 ಗೆದ್ದಿದ್ದರು. ಮುಂದಿನ ವರ್ಷ ಏನಾಯಿತು? 2022ರ ಅಕ್ಟೋಬರ್ 8, ಅಲಬಾಮ 24, ಎ ಅಂಡ್ ಎಮ್ 20. ನಮ್ಮ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಬ್ರೈಸ್ ಯಂಗ್ ಗಾಯಗೊಂಡು ಹೊರಗಿದ್ದ, ಆದರೂ ಗೆದ್ದೆವು.

ನಿಮ್ಮ ಆ ದೊಡ್ಡ ಬ್ಯಾಚ್ ಮೊದಲ ಸೀಸನ್‌ನಲ್ಲಿ 5 ಗೆದ್ದು 7 ಸೋತಿತು. ನಿಮ್ಮದೇ ಮೈದಾನದಲ್ಲಿ ಅಪಲಾಚಿಯನ್ ಸ್ಟೇಟ್ ಎದುರು 17-14ರಿಂದ ಸೋತಿರಿ. ಆ ಹುಡುಗರಲ್ಲಿ ಹಲವರು ಬೇರೆ ಕಾಲೇಜಿಗೆ ಹೋದರು. ಎಲ್.ಟಿ. ಓವರ್ಟನ್ 2024ರಲ್ಲಿ ಅಲಬಾಮದ ಪರವೇ ಆಡಿದ. ದುಡ್ಡಿನಿಂದ ಹೆಸರು ತರಬಹುದು, ತಂಡ ಕಟ್ಟಲು ಆಗುವುದಿಲ್ಲ. ಸೇಬನ್ ಹೇಳಿದ್ದು ಇದನ್ನೇ.

ಕಾವ್ಯ ಎಸ್.

ಇಬ್ಬರೂ ಸ್ಕೋರ್ ಹೇಳುತ್ತಾ ಕೂತಿದ್ದೀರಿ. ಆಡಿದ ಹುಡುಗರ ಬಗ್ಗೆ ಯಾರೂ ಮಾತಾಡುತ್ತಿಲ್ಲ.

2022ರ ಆಗಸ್ಟ್‌ನಲ್ಲಿ, ಅಂದರೆ ಈ ಮಾತು ಆಡಿ ಮೂರು ತಿಂಗಳಿಗೆ, ಸೇಬನ್ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಎಂಟು ವರ್ಷಕ್ಕೆ 9 ಕೋಟಿ 36 ಲಕ್ಷ ಡಾಲರ್. ಫಿಶರ್‌ರನ್ನು 2023ರ ನವೆಂಬರ್‌ನಲ್ಲಿ ಎ ಅಂಡ್ ಎಮ್ ಕೆಲಸದಿಂದ ತೆಗೆದಾಗ ಒಪ್ಪಂದದ ಪ್ರಕಾರ ಅವರಿಗೆ ಕೊಡಬೇಕಾಗಿ ಬಂದದ್ದು 7.5 ಕೋಟಿ ಡಾಲರ್‌ಗೂ ಹೆಚ್ಚು. ಕೆಲಸ ಮಾಡದೇ ಇರುವುದಕ್ಕೆ! ಪ್ರತಿ ಶನಿವಾರ ತಲೆ, ಮಂಡಿ, ಭುಜ ಒಡ್ಡಿ ಆಡುವ 19 ವರ್ಷದ ಹುಡುಗ ದುಡ್ಡಿನ ಮಾತೆತ್ತಿದರೆ ಮಾತ್ರ ನಮಗೆ ಅದು ದುರಾಸೆ.

2021ರ ಜೂನ್‌ನಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಒಂಬತ್ತೂ ನ್ಯಾಯಮೂರ್ತಿಗಳು ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಅದಾದ ಮೇಲೆ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು ಅಂತ ಆಯಿತು. ಎನ್‌ಐಎಲ್ ಅನ್ನುವುದು ಇದನ್ನೇ. ಅದೇ ವರ್ಷದ ಏಪ್ರಿಲ್‌ವರೆಗೆ ಫುಟ್‌ಬಾಲ್ ಆಟಗಾರ ಕಾಲೇಜು ಬದಲಾಯಿಸಿದರೆ ಒಂದು ವರ್ಷ ಹೊರಗೆ ಕೂರಬೇಕಿತ್ತು. ಕೋಚ್‌ಗಳು? ರಾತ್ರೋರಾತ್ರಿ ಹೋಗಬಹುದಿತ್ತು. ಇದೇ ಸೇಬನ್ ಮಯಾಮಿಯಲ್ಲಿದ್ದಾಗ ಅಲಬಾಮಕ್ಕೆ ಹೋಗುವುದಿಲ್ಲ ಎಂದು ಹೇಳಿ ಹೋದವರಲ್ಲವೇ?

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

ಕಾವ್ಯ ಅವರು ಮಯಾಮಿ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಇಲ್ಲಿನವರಿಗೆ ಆ ಗಾಯ ಇನ್ನೂ ಮಾಗಿಲ್ಲ.

2006ರ ಡಿಸೆಂಬರ್ 21. ಮಯಾಮಿ ಡಾಲ್ಫಿನ್ಸ್ ಕೋಚ್ ಆಗಿ ಸೇಬನ್ ಪತ್ರಕರ್ತರ ಮುಂದೆ ನಿಂತು ಹೇಳಿದ್ದು, ನಾನು ಅಲಬಾಮದ ಕೋಚ್ ಆಗುವುದಿಲ್ಲ. 2007ರ ಜನವರಿ 3. ಅಲಬಾಮದ ಕೋಚ್! ಎರಡು ವಾರವೂ ಆಗಿರಲಿಲ್ಲ. ಈ ಮನುಷ್ಯ ಹುಡುಗರಿಗೆ ನಿಷ್ಠೆಯ ಪಾಠ ಹೇಳುತ್ತಾರೆ. ಅದನ್ನು ರಘು ಇಲ್ಲಿಗೆ ತಂದು ಹಾಕುತ್ತಾರೆ. ಇವರ ಯಾವ ಮಾತನ್ನು ನಂಬಬೇಕು?

ರಘು, ಟಸ್ಕಲೂಸ

ಮಂಜುನಾಥ್, ಇದು ಕಾಲೇಜು ಫುಟ್‌ಬಾಲ್ ಚರ್ಚೆ. ಡಾಲ್ಫಿನ್ಸ್ ವೃತ್ತಿಪರ ತಂಡ. ಸೀಸನ್ ನಡೆಯುತ್ತಿರುವಾಗ ಕೋಚ್ ಒಬ್ಬರು ಬೇರೆ ಕೆಲಸದ ಬಗ್ಗೆ ಹೌದು ಅಂದರೆ ಅವರ ತಂಡದ ಗತಿ ಏನು? ಪಂದ್ಯ ಬಾಕಿ ಇದ್ದಾಗ ಹಾಗೆ ಹೇಳಲೇಬೇಕು. ಮಯಾಮಿಯಲ್ಲಿ ಅವರಿಗೆ ಏನು ಕೊಟ್ಟಿದ್ದರು ಅಂತಲೂ ಹೇಳಿ. ಕ್ವಾರ್ಟರ್‌ಬ್ಯಾಕ್ ಡ್ರೂ ಬ್ರೀಸ್ ಬೇಕು ಅಂತ ಅವರು ಕೇಳಿದ್ದರು. ಡಾಲ್ಫಿನ್ಸ್ ಡಾಕ್ಟರ್‌ಗಳು ಭುಜ ಸರಿಯಿಲ್ಲ ಅಂತ ಬೇಡ ಎಂದರು. ಅದರಲ್ಲಿ ಕೋಚ್ ತಪ್ಪೇನು?

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

"ಡಾಕ್ಟರ್‌ಗಳು ಬೇಡ ಎಂದರು." ಹದಿನೆಂಟು ವರ್ಷದಿಂದ ಇದೇ ಕಥೆ ಕೇಳುತ್ತಿದ್ದೇನೆ. ಎರಡು ವರ್ಷ ಆ ತಂಡದಲ್ಲಿ ಆಟಗಾರರ ವಿಷಯದಲ್ಲಿ ಸೇಬನ್ ಮಾತೇ ಕೊನೆಯದು. ಬ್ರೀಸ್ ಬದಲು ಡಾಂಟೆ ಕಲ್ಪೆಪರ್‌ನನ್ನು ತಂದರು. ಅವನಿಗೂ 2005ರಲ್ಲಿ ಮಂಡಿ ಹೋಗಿತ್ತು. ಡಾಕ್ಟರ್‌ಗಳಿಗೆ ಭುಜ ಕಂಡಿತು, ಮಂಡಿ ಕಾಣಲಿಲ್ಲವೇ? ಕಲ್ಪೆಪರ್ 2006ರಲ್ಲಿ ನಾಲ್ಕೇ ಪಂದ್ಯ ಆಡಿದ. ಬ್ರೀಸ್ ಅದೇ ವರ್ಷ ನ್ಯೂ ಆರ್ಲಿಯನ್ಸ್‌ಗೆ ಹೋಗಿ 4,418 ಗಜ ಪಾಸ್ ಮಾಡಿದ, ಲೀಗ್‌ನಲ್ಲೇ ಅತಿ ಹೆಚ್ಚು. ಮುಂದೆ ಆ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದ.

ಬಸವರಾಜ, ಧಾರವಾಡ

ಅಲ್ರಿ, ಡಾಲ್ಫಿನ್ಸ್ ಬಿಡಿ. ನಾನು ಕಾಲೇಜು ಹುಡುಗರಿಗೆ ವಾಲಿಬಾಲ್ ಹೇಳಿಕೊಟ್ಟವನು, ಈ ಆಟ ಟಿವಿಯಲ್ಲಿ ನೋಡಿ ಕಲಿತಿದ್ದೇನೆ. ಕೋಚ್ ಅಂದರೆ ಏನು ಅನ್ನುವುದಕ್ಕೆ ಒಂದೇ ಪಂದ್ಯ ಸಾಕು. 2018ರ ಜನವರಿ 8, ಫೈನಲ್, ಜಾರ್ಜಿಯಾ ಎದುರು. ಅರ್ಧ ಆಟಕ್ಕೆ ಅಲಬಾಮ 13-0 ಹಿಂದೆ. ಇಡೀ ಸೀಸನ್ ಆಡಿದ್ದ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್‌ನನ್ನು ಸೇಬನ್ ಕೂರಿಸಿದರು. ಮೊದಲ ವರ್ಷದ ಹುಡುಗ ಟುವಾನನ್ನು ಇಳಿಸಿದರು. ಹೆಚ್ಚುವರಿ ಆಟದಲ್ಲಿ 26-23, ಗೆದ್ದರು.

ಅದಕ್ಕಿಂತ ದೊಡ್ಡದು ಮುಂದಿನದು. ಹರ್ಟ್ಸ್ ಮುನಿಸಿಕೊಂಡು ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ, ಅದೇ ಜಾರ್ಜಿಯಾ ಎದುರು, ಟುವಾ ಗಾಯಗೊಂಡಾಗ ಹರ್ಟ್ಸ್ ಬಂದು 35-28ಕ್ಕೆ ಗೆಲ್ಲಿಸಿದ. ಇವತ್ತಿನ ಕಾಲದಲ್ಲಿ ಕೂರಿಸಿದ ಹುಡುಗ ಒಂದು ವಾರದಲ್ಲಿ ಬೇರೆ ಕಾಲೇಜಿಗೆ ಹೋಗಿರುತ್ತಿದ್ದ. ಅವನು ಉಳಿದು ಕಲಿತ. ನಾನು ಕೂರಿಸಿದ ಹುಡುಗರೂ ನನ್ನನ್ನು ಬೈದಿದ್ದಾರೆ, ಆಮೇಲೆ ಅವರೇ ಒಳ್ಳೆಯ ಆಟಗಾರರಾಗಿದ್ದಾರೆ. ಕೂರುವುದು ಕೂಡ ತರಬೇತಿಯೇ.

ಕಾವ್ಯ ಎಸ್.

"ಉಳಿದು ಕಲಿತ." ಬಸವರಾಜ ಸರ್, ಆಮೇಲೆ ಹರ್ಟ್ಸ್ ಏನು ಮಾಡಿದ ಅನ್ನುವುದನ್ನೂ ಹೇಳಿ. 2019ರಲ್ಲಿ ಒಕ್ಲಹೋಮಕ್ಕೆ ಹೋದ. ಅಲ್ಲಿ ಆಡಿದ್ದರಿಂದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಅವನ ದಾರಿ ತೆರೆಯಿತು. 2025ರ ಫೆಬ್ರುವರಿಯಲ್ಲಿ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರ ಆದ. ಬೇರೆ ಕಾಲೇಜಿಗೆ ಹೋಗುವ ಸ್ವಾತಂತ್ರ್ಯ ಅವನಿಗೆ ಒಳ್ಳೆಯದನ್ನೇ ಮಾಡಿತು.

ರಘು, ಟಸ್ಕಲೂಸ

ಕಾವ್ಯ ಅವರೇ, ಹಳೇ ಕಾಲದಲ್ಲಿ ಒಂದು ವರ್ಷ ಹೊರಗೆ ಕೂರಬೇಕಿತ್ತು ಅಂತ ನೀವೇ ಹೇಳಿದ್ದಿರಿ. ಹರ್ಟ್ಸ್ 2019ರಲ್ಲಿ ಒಂದು ದಿನವೂ ಕೂರಲಿಲ್ಲ. ನಿಮ್ಮ ವಾದ ಅಲ್ಲೇ ಬಿದ್ದುಹೋಯಿತು.

ಕಾವ್ಯ ಎಸ್.

ಬೀಳಲಿಲ್ಲ. ಅವನು ಡಿಗ್ರಿ ಮುಗಿಸಿದ್ದ. ಡಿಗ್ರಿ ಮುಗಿಸಿದವರಿಗೆ ವಿನಾಯಿತಿ ಇತ್ತು. ಎರಡನೇ ವರ್ಷದಲ್ಲಿ ಹೋಗಿದ್ದರೆ ಕೂರಲೇಬೇಕಿತ್ತು. ಅಂದರೆ ಅವನು ಉಳಿದದ್ದರಲ್ಲಿ ಆ ನಿಯಮದ ಪಾಲೂ ಇದೆ. ಎಲ್ಲವನ್ನೂ ಸೇಬನ್ ಖಾತೆಗೆ ಬರೆಯಬೇಡಿ.

ಬಸವರಾಜ, ಧಾರವಾಡ

ನಿಯಮದಿಂದ ಉಳಿದವನು ಆ ಡಿಸೆಂಬರ್‌ನಲ್ಲಿ ಹಾಗೆ ಆಡುವುದಿಲ್ಲ ತಂಗಿ. ಮನಸ್ಸಿಲ್ಲದೆ ಕೂತ ಹುಡುಗನ ಆಟ ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಶ್ರೀಲತಾ, ಹೂಸ್ಟನ್

ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಸಾಕ್ಷಿ ಎಲ್ಲಿ? ಅದಿರಲಿ, ಇನ್ನೊಂದು ಕೇಳಿ. 2021ರ ಜುಲೈನಲ್ಲಿ, ಎನ್‌ಐಎಲ್ ಶುರುವಾಗಿ ಮೂರು ವಾರವಾಗಿತ್ತು. ಸೇಬನ್ ನಮ್ಮ ಟೆಕ್ಸಸ್‌ಗೆ ಬಂದು ಇಲ್ಲಿನ ಹೈಸ್ಕೂಲ್ ಕೋಚ್‌ಗಳ ಸಭೆಯಲ್ಲಿ ಏನು ಹೇಳಿದರು? ನಮ್ಮ ಕ್ವಾರ್ಟರ್‌ಬ್ಯಾಕ್ ಇನ್ನೂ ಒಂದು ಪಂದ್ಯವನ್ನೂ ಶುರುವಿನಿಂದ ಆಡಿಲ್ಲ, ಅವನ ಸಂಪಾದನೆ ಆಗಲೇ ಹತ್ತು ಲಕ್ಷ ಡಾಲರ್ ಹತ್ತಿರ ಇದೆ ಅಂತ. ಹೈಸ್ಕೂಲ್ ಹುಡುಗರ ಕೋಚ್‌ಗಳ ಮುಂದೆ ಈ ಲೆಕ್ಕ ಯಾಕೆ ಹೇಳಬೇಕು? ಅಲಬಾಮಕ್ಕೆ ಬಂದರೆ ದುಡ್ಡಿದೆ ಅಂತ ಜಾಹೀರಾತು ಅಲ್ವಾ ಅದು? ತಾವು ಮಾಡಿದರೆ ಅವಕಾಶ, ನಾವು ಮಾಡಿದರೆ ಖರೀದಿ.

ರಘು, ಟಸ್ಕಲೂಸ

ಬ್ರೈಸ್ ಯಂಗ್ ಜಾಹೀರಾತಿನಿಂದ ಸಂಪಾದಿಸಿದ. ತಂಡಕ್ಕೆ ಸೇರಿದ ಮೇಲೆ ಸಂಪಾದಿಸಿದ. ಸೇರುವ ಮೊದಲು ಕೈಗೆ ದುಡ್ಡು ಇಡುವುದು ಬೇರೆ. ಅದೇ ಬರ್ಮಿಂಗ್‌ಹ್ಯಾಮ್ ಸಭೆಯಲ್ಲೇ ಸೇಬನ್ ಹೇಳಿದ್ದರು, ನಮ್ಮ ಹುಡುಗರು ಸರಿಯಾದ ದಾರಿಯಲ್ಲಿ 30 ಲಕ್ಷ ಡಾಲರ್ ಸಂಪಾದಿಸಿದ್ದಾರೆ, ಅದಕ್ಕೆ ನನ್ನ ವಿರೋಧವಿಲ್ಲ ಅಂತ. ಅದನ್ನು ಯಾರೂ ಉಲ್ಲೇಖಿಸುವುದಿಲ್ಲ.

ಮಂಜುನಾಥ್, ಕಲ್ಪೆಪರ್ ವಿಷಯಕ್ಕೆ ಬರುತ್ತೇನೆ. ಬ್ರೀಸ್‌ಗೆ ಆಗಿದ್ದು ಎಸೆಯುವ ಕೈಯ ಭುಜಕ್ಕೆ. ಕ್ವಾರ್ಟರ್‌ಬ್ಯಾಕ್‌ಗೆ ಭುಜವೇ ಎಲ್ಲ. ಮಂಡಿ ನೋವಿದ್ದರೂ ನಿಂತಲ್ಲಿಂದ ಎಸೆಯಬಹುದು. ಅವತ್ತಿನ ಮಾಹಿತಿಯಲ್ಲಿ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

"ಯಾರೇ ಆಗಿದ್ದರೂ"? ನ್ಯೂ ಆರ್ಲಿಯನ್ಸ್‌ನವರು ಹಾಗೆ ಮಾಡಲಿಲ್ಲವಲ್ಲ! ಅದೇ ಭುಜ, ಅದೇ ತಿಂಗಳು. ಅವರು ನಂಬಿದರು. ಬ್ರೀಸ್‌ಗೆ ಭುಜದ ಆಪರೇಶನ್ ಮಾಡಿದ್ದು ನಿಮ್ಮ ಬರ್ಮಿಂಗ್‌ಹ್ಯಾಮ್‌ನ ಜೇಮ್ಸ್ ಆಂಡ್ರ್ಯೂಸ್. ಇಡೀ ದೇಶದ ಆಟಗಾರರು ಅವರ ಹತ್ತಿರ ಹೋಗುತ್ತಿದ್ದರು. ಆಟಗಾರನನ್ನು ಓದುವುದರಲ್ಲಿ ಸೇಬನ್‌ರನ್ನು ಮೀರಿಸಿದವರಿಲ್ಲ ಅನ್ನುತ್ತೀರಿ. ತಮ್ಮ ಜೀವನದ ಅತಿ ದೊಡ್ಡ ಆಯ್ಕೆಯಲ್ಲೇ ಅವರು ತಪ್ಪಿದರು. ಎರಡು ಸೀಸನ್, 15 ಗೆಲುವು, 17 ಸೋಲು. ಸೋತ ಮೇಲೆ ಓಡಿಹೋದರು.

ರಘು, ಟಸ್ಕಲೂಸ

ಓಡಿಹೋದರು ಅನ್ನುವ ಮಾತು ಬೇಡ. ಅವರು ತಮಗೆ ಸರಿಹೊಂದುವ ಕೆಲಸಕ್ಕೆ ಮರಳಿದರು. ಕಾಲೇಜು ಹುಡುಗರನ್ನು ಬೆಳೆಸುವುದು ನನಗೆ ಇಷ್ಟ ಅಂತ ಅವರೇ ಎಷ್ಟೋ ಸಲ ಹೇಳಿದ್ದಾರೆ. ಟಸ್ಕಲೂಸಕ್ಕೆ ಬಂದ ಮೊದಲ ವರ್ಷ 7 ಗೆದ್ದು 6 ಸೋತರು. ಲೂಸಿಯಾನ ಮನ್ರೋ ಎದುರು ಕೂಡ ಸೋತರು. ಆಗ ಓಡಿಹೋಗಲಿಲ್ಲವಲ್ಲ. 17 ಸೀಸನ್ ಇಲ್ಲೇ ಇದ್ದರು.

ಕಾವ್ಯ ಎಸ್.

"ತಮಗೆ ಸರಿಹೊಂದುವ ಕೆಲಸಕ್ಕೆ ಮರಳಿದರು." ರಘು ಅವರೇ, ಇದೇ ವಾಕ್ಯವನ್ನು ಒಬ್ಬ ಆಟಗಾರನ ಬಗ್ಗೆ ಹೇಳಿ ನೋಡೋಣ. ಜೇಮ್ಸನ್ ವಿಲಿಯಮ್ಸ್ ಒಹಾಯೋ ಸ್ಟೇಟ್ ಬಿಟ್ಟು ಅಲಬಾಮಕ್ಕೆ ಬಂದ. ಜಮೀರ್ ಗಿಬ್ಸ್ ಜಾರ್ಜಿಯಾ ಟೆಕ್ ಬಿಟ್ಟು ಬಂದ. ಜರ್ಮೇನ್ ಬರ್ಟನ್ ಜಾರ್ಜಿಯಾ ಬಿಟ್ಟು ಬಂದ. ಇವರನ್ನೆಲ್ಲ ಕೈಚಾಚಿ ಬರಮಾಡಿಕೊಂಡವರು ಸೇಬನ್ನೇ. ಅವರು ಬಂದಾಗ ಕೋಚಿಂಗ್‌ಗೆ ಏನೂ ಆಗಲಿಲ್ಲ. ಸೇಬನ್ ನಿವೃತ್ತರಾದ ಮೇಲೆ ಕೇಲೆಬ್ ಡೌನ್ಸ್ ಒಹಾಯೋ ಸ್ಟೇಟ್‌ಗೆ ಹೋದಾಗ ಮಾತ್ರ ಅಲಬಾಮದವರಿಗೆ ಸಂಕಟ ಆಯಿತು.

ವಿನಯ್ ಕೆ.

ಓದುತ್ತಾ ಇದ್ದೆ, ಈಗ ಬರೆಯಲೇಬೇಕು ಅನಿಸಿತು. ಮೊದಲ ಪೋಸ್ಟ್‌ನಲ್ಲಿ "ಹುಡುಗರನ್ನು ತಿದ್ದಿ ಬೆಳೆಸುವ ಕೋಚ್‌ಗೆ ಇಲ್ಲಿ ಜಾಗ ಇಲ್ಲ" ಅಂತ ಇದೆ. ಇಂಡಿಯಾನ ನೋಡಿ. ಅಮೆರಿಕದ ದೊಡ್ಡ ತಂಡಗಳಲ್ಲಿ ಅತಿ ಹೆಚ್ಚು ಸೋತ ದಾಖಲೆ ಹೊತ್ತುಕೊಂಡು ಬಂದಿದ್ದ ಕಾಲೇಜು. ಕರ್ಟ್ ಸಿಗ್ನೆಟ್ಟಿ ಬಂದ ಮೊದಲ ಸೀಸನ್, 2024, 11 ಗೆಲುವು, 2 ಸೋಲು, ಪ್ಲೇಆಫ್. ಆ ಕಾಲೇಜಿನ ಇತಿಹಾಸದಲ್ಲಿ ಆವರೆಗೆ ಒಂದು ಸೀಸನ್‌ನಲ್ಲಿ 11 ಗೆಲುವು ಬಂದಿರಲಿಲ್ಲ. ಜೇಮ್ಸ್ ಮ್ಯಾಡಿಸನ್ ಅನ್ನುವ ಸಣ್ಣ ಕಾಲೇಜಿನಿಂದ ತನ್ನ ಜೊತೆ ಬಂದ ಹುಡುಗರನ್ನು ಇಟ್ಟುಕೊಂಡು ಮಾಡಿದ್ದು ಇದು. ಇದು ಕೋಚಿಂಗ್ ಅಲ್ಲದೆ ಮತ್ತೇನು? ಸಿಗ್ನೆಟ್ಟಿ 2007ರಿಂದ 2010ರವರೆಗೆ ಸೇಬನ್ ಹತ್ತಿರವೇ ಕೆಲಸ ಮಾಡಿದವರು. ಗುರು ಆಗಲ್ಲ ಅಂದಿದ್ದನ್ನು ಶಿಷ್ಯ ಮಾಡಿ ತೋರಿಸಿದ.

ರಘು, ಟಸ್ಕಲೂಸ

"ಸೇಬನ್ ಹತ್ತಿರವೇ ಕೆಲಸ ಮಾಡಿದವರು." ವಿನಯ್, ನನ್ನ ಪರವಾಗಿ ಬರೆದದ್ದಕ್ಕೆ ವಂದನೆ. ಆ ವಿದ್ಯೆ ಎಲ್ಲಿಂದ ಬಂತು ಅನ್ನುವುದು ನಿಮ್ಮ ಬರಹದಲ್ಲೇ ಇದೆ.

ವಿನಯ್ ಕೆ.

ನಿಮ್ಮ ಪರ ಅಲ್ಲ ಸರ್. ಆ ಹುಡುಗರು ಬಂದದ್ದು ನೀವು ಬೈಯುವ ಟ್ರಾನ್ಸ್‌ಫರ್ ದಾರಿಯಲ್ಲೇ. ಅದಕ್ಕೆ ಉತ್ತರ ಕೊಡಿ.

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

17 ಸೀಸನ್ ಅಂತ ಎದೆ ತಟ್ಟಿಕೊಳ್ಳುವ ರಘು ಅವರೇ, ಸೇಬನ್‌ರ ಬಾಯಿಂದಲೇ ಬಂದ ಮಾತು ನಿಮಗೆ ಗೊತ್ತಿರಬೇಕು. ಬ್ರೀಸ್ ಸಿಗದೇ ಹೋದಾಗಲೇ ನಿರ್ಧರಿಸಿದೆ, ಇಲ್ಲಿ ಕ್ವಾರ್ಟರ್‌ಬ್ಯಾಕ್ ಇಲ್ಲ, ಗೆಲ್ಲಲು ಆಗುವುದಿಲ್ಲ, ನಾನು ಇಲ್ಲಿಂದ ಹೊರಡುತ್ತೇನೆ ಅಂತ. ವರ್ಷಗಳ ನಂತರ ಅವರೇ ಹೇಳಿದ್ದು ಇದು. ಅಂದರೆ 2006ರ ಸೀಸನ್ ಶುರುವಾಗುವ ಮೊದಲೇ ಮನಸ್ಸು ಹೊರಗಿತ್ತು. ಡಿಸೆಂಬರ್‌ನಲ್ಲಿ ಪತ್ರಕರ್ತರ ಮುಂದೆ ಹೇಳಿದ್ದು ತಂಡ ಉಳಿಸಲು ಅಂತ ನೀವು ಅಂದಿರಿ. ಇಡೀ ವರ್ಷ ಆ ಆಟಗಾರರು ಯಾರಿಗಾಗಿ ಆಡಿದರು? ನನ್ನ ಮಗನ ಜೊತೆ ಆ ಸೀಸನ್ ಸ್ಟೇಡಿಯಂಗೆ ಹೋಗುತ್ತಿದ್ದೆ. ಟಿಕೆಟ್ ದುಡ್ಡು ಕೊಟ್ಟವರಿಗೆ ಇದು ಮೋಸ.

ರಘು, ಟಸ್ಕಲೂಸ

ಮನಸ್ಸಿನಲ್ಲಿ ಬಂದ ಯೋಚನೆಯನ್ನು ವರ್ಷಗಳ ಮೇಲೆ ಬಿಚ್ಚಿ ಹೇಳಿದರೆ ಅದನ್ನೂ ಅಪರಾಧ ಮಾಡುತ್ತೀರಿ. ಮನಸ್ಸು ಹೊರಗಿಟ್ಟ ಕೋಚ್ ಕೆಲಸ ಹೇಗಿರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಆ ಮನುಷ್ಯ ಬೆಳಿಗ್ಗೆಯಿಂದ ರಾತ್ರಿವರೆಗೆ ದುಡಿಯುವುದನ್ನು ಈ ಊರಿನಲ್ಲಿ ಕಂಡಿದ್ದೇವೆ. ಗೆದ್ದ ಮೇಲೂ ಹೊಗಳಿಕೆ ಬೇಡ ಅನ್ನುತ್ತಿದ್ದರು. 2017ರಲ್ಲಿ ಇದೇ ಎ ಅಂಡ್ ಎಮ್ ಎದುರು 27-19ಕ್ಕೆ ಗೆದ್ದ ರಾತ್ರಿ, ನೀವು ಬರೆಯುವ ಹೊಗಳಿಕೆ ನನ್ನ ಹುಡುಗರಿಗೆ ಇಲಿ ಪಾಷಾಣ ಇದ್ದಂತೆ ಅಂತ ಪತ್ರಕರ್ತರ ಮುಖಕ್ಕೇ ಹೇಳಿದರು. ಅಂಥವರನ್ನು ಮೋಸಗಾರ ಅನ್ನಬೇಡಿ.

ಶ್ರೀಲತಾ, ಹೂಸ್ಟನ್

ಅಲಬಾಮ ಅಷ್ಟು ಶುದ್ಧವಾಗಿದ್ದರೆ 2009ರಲ್ಲಿ ಎನ್‌ಸಿಎಎ ಪಠ್ಯಪುಸ್ತಕದ ಪ್ರಕರಣದಲ್ಲಿ 21 ಗೆಲುವುಗಳನ್ನು ಯಾಕೆ ಅಳಿಸಿತು? ಸ್ಕಾಲರ್‌ಶಿಪ್‌ನ ಪುಸ್ತಕಗಳನ್ನು ಆಟಗಾರರು ಬೇರೆಯವರಿಗೆ ಕೊಡಿಸಿದ್ದರು. ಅದರಲ್ಲಿ 2007ರ 5 ಗೆಲುವು ಸೇಬನ್ ಕಾಲದ್ದು.

ರಘು, ಟಸ್ಕಲೂಸ

ಅದು ಶುರುವಾಗಿದ್ದು ಸೇಬನ್ ಬರುವ ಮೊದಲು, 2005ರ ಲೆಕ್ಕವೂ ಅದರಲ್ಲಿದೆ. ಅರ್ಧ ಮಾತ್ರ ಹೇಳಬೇಡಿ.

ಶ್ರೀಲತಾ, ಹೂಸ್ಟನ್

ಅರ್ಧ ಹೇಳುವುದು ಯಾರು? ಮೊದಲ ಪೋಸ್ಟ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಮಾತು ಬರೆದಿರಿ. ಜ್ಯಾಕ್ಸನ್ ಸ್ಟೇಟ್ ಒಬ್ಬ ಆಟಗಾರನಿಗೆ ಹತ್ತು ಲಕ್ಷ ಡಾಲರ್ ಕೊಟ್ಟಿತು ಅಂತ ಅದೇ ಉಸಿರಿನಲ್ಲಿ ಹೇಳಿದ್ದನ್ನು ಬಿಟ್ಟಿರಿ. ಅದನ್ನು ಅಲ್ಲಿನ ಕೋಚ್ ಡಿಯಾನ್ ಸ್ಯಾಂಡರ್ಸ್ ಬಹಿರಂಗವಾಗಿ ಅಲ್ಲಗಳೆದರು. ಆ ಆಟಗಾರ ಟ್ರಾವಿಸ್ ಹಂಟರ್. ಸ್ಯಾಂಡರ್ಸ್ ಜೊತೆ ಕೊಲರಾಡೋಗೆ ಹೋಗಿ ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 2024ರಲ್ಲಿ ಗೆದ್ದ. ಕೋಚ್ ಮೇಲಿನ ನಂಬಿಕೆಯಿಂದ ಒಬ್ಬ ಹುಡುಗ ಸಣ್ಣ ಕಾಲೇಜಿಗೆ ಬರಬಹುದು ಅನ್ನುವುದು ಸೇಬನ್‌ರಿಗೆ ಹೊಳೆಯಲೇ ಇಲ್ಲ. ಎ ಅಂಡ್ ಎಮ್, ಅಲಬಾಮ ಎರಡೂ ಆಡುವ ಎಸ್‌ಇಸಿ ಲೀಗ್‌ನ ಆಡಳಿತ ಇಬ್ಬರಿಗೂ ಬಹಿರಂಗವಾಗಿ ಛೀಮಾರಿ ಹಾಕಿತು, ಫಿಶರ್‌ಗೂ, ಸೇಬನ್‌ರಿಗೂ. ಅದೂ ನಿಮ್ಮ ಪೋಸ್ಟ್‌ನಲ್ಲಿಲ್ಲ.

ಬಸವರಾಜ, ಧಾರವಾಡ

ಸೇಬನ್ ಅವರ ಹೆಂಡತಿ ಟೆರ್ರಿ ಹೇಳಿದ್ದನ್ನು ಯಾರೂ ಎತ್ತಲಿಲ್ಲ. 2024ರ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಸೆನೆಟರ್ ಟೆಡ್ ಕ್ರೂಜ್ ಕರೆದ ಸಭೆಯಲ್ಲಿ ಸೇಬನ್ ಹೇಳಿದ್ದು. ಸೇರಲು ಬರುವ ಹುಡುಗರನ್ನು, ಅವರ ಅಪ್ಪ ಅಮ್ಮನನ್ನು ಈಕೆ ಮನೆಗೆ ಕರೆದು ತಿಂಡಿ ಕೊಡುತ್ತಿದ್ದರು. ಮಗನನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂತ ತಾಯಂದಿರಿಗೆ ಹೇಳುತ್ತಿದ್ದರು. ನಿವೃತ್ತಿಗೆ ಸ್ವಲ್ಪ ಮೊದಲು ಗಂಡನನ್ನು ಕೇಳಿದರಂತೆ, ನಾವು ಇದನ್ನು ಯಾಕೆ ಮಾಡುತ್ತಿದ್ದೇವೆ? ಅವರಿಗೆ ಬೇಕಿರುವುದು ಎಷ್ಟು ಕೊಡುತ್ತೀರಿ ಅನ್ನುವುದಷ್ಟೇ, ಹೇಗೆ ಬೆಳೆಸುತ್ತೀರಿ ಅನ್ನುವುದಲ್ಲ. ನನಗೆ ಇದನ್ನು ಓದಿ ಬಹಳ ಬೇಜಾರಾಯಿತು. ಹುಡುಗನ ಅವ್ವ ನಮ್ಮನ್ನು ನಂಬಿ ಅವನನ್ನು ಬಿಟ್ಟು ಹೋಗುತ್ತಾಳೆ. ಆ ನಂಬಿಕೆ ಇಲ್ಲದೆ ಕೋಚ್ ಏನು ಮಾಡಲು ಆಗುತ್ತದೆ?

ಕಾವ್ಯ ಎಸ್.

"ಹುಡುಗನ ಅವ್ವ." ಸರ್, ಆ ತಾಯಿಯ ಕಡೆಯಿಂದಲೂ ನೋಡಿ. ಈ ಆಟಗಾರರಲ್ಲಿ ಎಷ್ಟೋ ಜನ ಬಡ ಮನೆಯವರು. ಸ್ಟೇಡಿಯಂನಲ್ಲಿ ಒಂದು ಲಕ್ಷ ಜನ, ಟಿವಿ ಒಪ್ಪಂದ ನೂರಾರು ಕೋಟಿ, ಕೋಚ್‌ಗೆ ಒಂಬತ್ತು ಕೋಟಿ. ಮಗನಿಗೆ ಎಷ್ಟು ಅಂತ ತಾಯಿ ಕೇಳಿದರೆ ನಂಬಿಕೆ ಹೋಯಿತು ಅನ್ನುತ್ತೀರಿ. ಹೌಸ್ ರಾಜಿಯಲ್ಲಿ ಹಳೇ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಕೊಡಲು ಒಪ್ಪಿದ್ದಾರೆ. ಅಷ್ಟು ವರ್ಷ ತಡೆದಿಟ್ಟದ್ದಕ್ಕೆ ತಾನೇ ಅದು? ಸೇಬನ್ ಅದೇ ಸಭೆಯಲ್ಲಿ, ಆಟಗಾರರಿಗೆ ಆದಾಯದಲ್ಲಿ ಪಾಲು ಸಿಗುವುದು ನನಗೆ ಒಪ್ಪಿಗೆ ಅಂತಲೂ ಹೇಳಿದರು. ರಘು ಅವರೇ, ನಿಮಗೂ ಒಪ್ಪಿಗೆಯೇ? ಹೌದು ಅಥವಾ ಇಲ್ಲ ಅಂತ ಹೇಳಿ.

ರಘು, ಟಸ್ಕಲೂಸ

ವ್ಯವಸ್ಥೆ ಇದ್ದರೆ ಒಪ್ಪಿಗೆ. ವ್ಯವಸ್ಥೆ ಇರಬೇಕು ಅನ್ನುವುದೇ ಸೇಬನ್ ವಾದ. ಎನ್‌ಎಫ್‌ಎಲ್‌ನಲ್ಲಿ ತಂಡಕ್ಕೆ ಸಂಬಳದ ಮಿತಿ ಇದೆ, ಒಪ್ಪಂದ ಇದೆ. ಇಲ್ಲಿ ಯಾವ ಒಪ್ಪಂದವೂ ಇಲ್ಲದೆ ಪ್ರತಿ ವರ್ಷ ಹುಡುಗ ಮಾರುಕಟ್ಟೆಗೆ ಇಳಿಯಬಹುದು.

ಕಾವ್ಯ ಎಸ್.

ಒಪ್ಪಂದ ಬೇಕಾದರೆ ಆಟಗಾರರ ಸಂಘ ಬೇಕು. ಎನ್‌ಎಫ್‌ಎಲ್ ಮಿತಿ ಬಂದದ್ದು ಸಂಘದ ಜೊತೆ ಕೂತು ಮಾತಾಡಿ. ಕಾಲೇಜು ಆಟಗಾರರ ಸಂಘಕ್ಕೆ ನಿಮ್ಮ ಬೆಂಬಲ ಇದೆಯೇ?

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

ಒಪ್ಪಂದದ ಮಾತು ರಘು ಅವರೇ ಎತ್ತಿದರು, ಚೆನ್ನಾಯಿತು. ಡಾಲ್ಫಿನ್ಸ್ ಜೊತೆ ಸೇಬನ್‌ರಿಗೆ ಐದು ವರ್ಷದ ಒಪ್ಪಂದ ಇತ್ತು. ಎರಡು ವರ್ಷಕ್ಕೆ ಮುರಿದರು.

ರಘು, ಟಸ್ಕಲೂಸ

ಮುರಿದದ್ದಲ್ಲ. ತಂಡದ ಮಾಲೀಕರ ಹತ್ತಿರ ಮಾತಾಡಿ ಹೊರಟದ್ದು. ಹೊರಡುವಾಗ ಮಾಲೀಕ ವೇಯ್ನ್ ಹೈಜೆಂಗಾ ಅವರ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಮಾಲೀಕರಿಗೇ ಇಲ್ಲದ ಸಿಟ್ಟು ನಿಮಗೆ ಯಾಕೆ?

ಮಂಜುನಾಥ್, ಫೋರ್ಟ್ ಲಾಡರ್‌ಡೇಲ್

ಮಾಲೀಕರಿಗೆ ತಂಡ ವ್ಯಾಪಾರ. ನನಗೆ ಅದು ನನ್ನ ತಂಡ. ಅವರು ಕ್ಷಮಿಸಿರಬಹುದು, ನಾನು ಕ್ಷಮಿಸುವುದಿಲ್ಲ. ಆ ಭುಜದ ವಿಷಯಕ್ಕೂ ನೀವು ಇನ್ನೂ ಉತ್ತರ ಕೊಟ್ಟಿಲ್ಲ. ಅದೇ ಭುಜವನ್ನು ನ್ಯೂ ಆರ್ಲಿಯನ್ಸ್ ಯಾಕೆ ನಂಬಿತು?